ಅಮೆರಿಕದ ಪ್ರೌಢಶಾಲೆಗಳ ಫುಟ್‌ಬಾಲ್: ಕೆಲವು ಊರುಗಳಲ್ಲಿಯೇ ಆಟಗಾರರು ಹೆಚ್ಚೇಕೆ?

ಒಂದು ದೇಶದ ಎಲ್ಲ ಭಾಗಗಳಲ್ಲಿಯೂ ಒಂದೇ ಆಟವನ್ನು ಆಡುತ್ತಿದ್ದರೂ, ಆ ಆಟದಲ್ಲಿ ಹೆಸರಾದವರು ಎಲ್ಲ ಭಾಗಗಳಿಂದಲೂ ಸಮನಾಗಿ ಬರುವುದಿಲ್ಲ. ಕೊಡಗಿನ ಹಾಕಿಯನ್ನು ಬಲ್ಲ ನಮಗೆ ಈ ಸಂಗತಿ ಹೊಸದೇನೂ ಅಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, ಅದು ಅವರ ರಕ್ತದಲ್ಲಿಯೇ ಬಂದದ್ದು ಎಂಬುದು. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲಾ ಫುಟ್‌ಬಾಲ್ ಬಹಳ ಅನುಕೂಲವಾದ ಕ್ಷೇತ್ರ. ಅಲ್ಲಿ ವಿಶ್ವವಿದ್ಯಾನಿಲಯದ ತಂಡಗಳ ಪಟ್ಟಿಯಲ್ಲಿ ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆಯೂ ಅವನ ಊರು ಮತ್ತು ಅವನು ಕಲಿತ ಶಾಲೆ ಅಚ್ಚಾಗಿರುತ್ತವೆ. ಪ್ರತಿವರ್ಷ ಸುಮಾರು ಹತ್ತು ಲಕ್ಷ ಹುಡುಗರು ಶಾಲೆಗಳಲ್ಲಿ ಆಡುವ ಈ ಆಟದಲ್ಲಿ ಕೆಲವೇ ಊರುಗಳ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಊರುಗಳ ವಿಶೇಷವೇನು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಆಟದ ಸ್ವರೂಪವನ್ನು ಕುರಿತು ಒಂದೆರಡು ಮಾತು ಅವಶ್ಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಒದೆದು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ ಎಸೆದೋ ಎದುರಾಳಿಯ ಕೊನೆಯ ಗೆರೆಯನ್ನು ದಾಟಿಸುವುದು ಇದರ ಮುಖ್ಯ ಗುರಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುನ್ನಡೆಯದಿದ್ದರೆ ಚೆಂಡು ಎದುರು ಪಕ್ಷದ ವಶವಾಗುತ್ತದೆ. ಓಡುವವನನ್ನು ಕಬಡ್ಡಿಯಲ್ಲಿ ಹಿಡಿಯುವಂತೆ ಹಿಡಿದು ಕೆಡಹುವುದು ಆಟದ ನಿಯಮಕ್ಕೆ ಒಳಪಟ್ಟದ್ದೇ. ಕಣದಲ್ಲಿ ಪಕ್ಷಕ್ಕೆ ಹನ್ನೊಂದು ಮಂದಿ ಇರುತ್ತಾರೆ. ಆದರೆ ಮುನ್ನುಗ್ಗುವವರು ಬೇರೆ, ತಡೆಯುವವರು ಬೇರೆಯಾಗಿರುವುದು ವಾಡಿಕೆಯಾದ್ದರಿಂದ ಬಲವಾದ ಶಾಲಾ ತಂಡಕ್ಕೆ ನಲವತ್ತು ಐವತ್ತು ಹುಡುಗರಾದರೂ ಬೇಕು. ಅವರೆಲ್ಲರಿಗೂ ಶಿರಸ್ತ್ರಾಣ, ಭುಜಕವಚ. ಆಡುವುದಕ್ಕೆ ನೂರು ಗಜದ ಮೈದಾನ. ಹೇಳಿಕೊಡುವುದಕ್ಕೆ ಒಬ್ಬರಲ್ಲ, ಹಲವರು ತರಬೇತುದಾರರು. ಬ್ಯಾಸ್ಕೆಟ್‌ಬಾಲನ್ನಾದರೆ ಒಬ್ಬ ಹುಡುಗ ಒಂದು ಚೆಂಡು, ಒಂದು ಕಂಬವನ್ನು ನೆಚ್ಚಿಕೊಂಡು ಸಂಜೆಯೆಲ್ಲ ತಾನೊಬ್ಬನೇ ಅಭ್ಯಾಸಮಾಡಬಹುದು. ಈ ಆಟವನ್ನು ಹಾಗೆ ಕಲಿಯಲಾಗದು. ಹದಿನೈದು ಹದಿನಾರರ ವಯಸ್ಸಿನಲ್ಲಿ ಶಾಲೆಯ ತಂಡವನ್ನು ಬಿಟ್ಟರೆ ಇದಕ್ಕೆ ಬೇರೆ ಆಶ್ರಯವೂ ವಿರಳ. ಆದಕಾರಣ ಈ ಆಟದಲ್ಲಿ ಆಟಗಾರನ ವಿಚಾರ ಎಂದರೆ ಶಾಲೆಯ ವಿಚಾರ. ಶಾಲೆಯ ವಿಚಾರ ಎಂದರೆ ಅದಕ್ಕೆ ತೆರಿಗೆಯ ಹಣವನ್ನೂ ಶುಕ್ರವಾರದ ಸಂಜೆಯನ್ನೂ ಕೊಡುವ ಊರಿನ ವಿಚಾರ.

ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿಕೊಂಡವರಲ್ಲಿ ಮೊದಲಿಗರೆಂದು ಭೂಗೋಳಶಾಸ್ತ್ರಜ್ಞ ಜಾನ್ ರೂನಿಯವರನ್ನು ಹೇಳಬೇಕು. ಅವರು ವಿಶ್ವವಿದ್ಯಾನಿಲಯಗಳ ತಂಡಗಳ ಪಟ್ಟಿಗಳಿಂದ ಆಟಗಾರರ ಹುಟ್ಟೂರುಗಳನ್ನು ಹೆಕ್ಕಿ ತೆಗೆದು, ಆಯಾ ಪ್ರದೇಶದ ಜನಸಂಖ್ಯೆಯೊಡನೆ ಹೋಲಿಸಿ ನಕ್ಷೆಗಳನ್ನು ರಚಿಸಿದರು. 1969ರಲ್ಲಿ ‘ಜಿಯಾಗ್ರಫಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಬಂಧವಾಗಿಯೂ 1974ರಲ್ಲಿ ಅಮೆರಿಕದ ಕ್ರೀಡೆಗಳ ಭೂಗೋಳವನ್ನು ಕುರಿತ ಗ್ರಂಥದಲ್ಲಿ ವಿಸ್ತಾರವಾಗಿಯೂ ಅದನ್ನು ಪ್ರಕಟಿಸಿದರು. ಪಶ್ಚಿಮ ಪೆನ್ಸಿಲ್ವೇನಿಯ, ಅದಕ್ಕೆ ತಗುಲಿದ ಒಹಾಯೊ ಸೀಮೆ, ಟೆಕ್ಸಾಸ್ ಮುಂತಾದ ಭಾಗಗಳು ಆ ನಕ್ಷೆಗಳಲ್ಲಿ ಎದ್ದು ಕಂಡವು. ನ್ಯೂಯಾರ್ಕ್ ಮಹಾನಗರ ತನ್ನ ಜನಸಂಖ್ಯೆಗೆ ತಕ್ಕಷ್ಟು ಆಟಗಾರರನ್ನು ಕೊಟ್ಟಿರಲಿಲ್ಲ.

ಇಂಥ ನಕ್ಷೆಗಳನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. ಐದು ಸಾವಿರ ಜನರ ಊರಿನಿಂದ ಒಂದೇ ವರ್ಷ ಇಬ್ಬರು ಆಟಗಾರರು ಬಂದರೆ ಅದರ ಪ್ರಮಾಣ ಮಹಾನಗರವನ್ನು ಮೀರಿಬಿಡುತ್ತದೆ. ಮರುವರ್ಷ ಯಾರೂ ಬಾರದಿದ್ದರೆ ಸೊನ್ನೆಗೆ ಇಳಿಯುತ್ತದೆ. ಸಣ್ಣ ಸಂಖ್ಯೆಗಳ ಸ್ವಭಾವವೇ ಹೀಗೆ. ಆದ್ದರಿಂದ ಎರಡು ಮೂರು ತಲೆಮಾರು ಎಡೆಬಿಡದೆ ಆಟಗಾರರನ್ನು ಕೊಟ್ಟ ಊರುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ. ಎರಡನೆಯದಾಗಿ, ಬೆಳೆಸುವುದು ಬೇರೆ, ಕೂಡಿಹಾಕುವುದು ಬೇರೆ. ಫ್ಲಾರಿಡದ ಬ್ರೇಡೆಂಟನ್ನಿನಲ್ಲಿರುವ ಐಎಂಜಿ ಅಕಾಡೆಮಿ 2013ರಲ್ಲಿ ಫುಟ್‌ಬಾಲ್ ತಂಡವನ್ನು ಕಟ್ಟಿ ದೇಶದ ಮೂಲೆಮೂಲೆಗಳಿಂದ ಹುಡುಗರನ್ನು ಬರಮಾಡಿಕೊಂಡಿತು. ಅಲ್ಲಿಂದ ಹೊರಬಿದ್ದವರ ಹೆಸರಿನ ಮುಂದೆ ಆ ಶಾಲೆಯ ಹೆಸರಿದ್ದರೂ ಅವರ ಮೈಯೂ ಆಟವೂ ಕುದುರಿದ್ದು ಬೇರೆ ಊರಿನಲ್ಲಿ. ಮಂಡಿಯಲ್ಲಿ ಮಾರಾಟವಾದ ಅಡಕೆಯೆಲ್ಲ ಮಂಡಿಯ ಅಂಗಳದಲ್ಲಿ ಬೆಳೆದದ್ದಲ್ಲವಷ್ಟೆ.

ಈಗ ರೂನಿಯವರ ನಕ್ಷೆಯಲ್ಲಿ ಎದ್ದು ಕಂಡ ಪಶ್ಚಿಮ ಪೆನ್ಸಿಲ್ವೇನಿಯವನ್ನೇ ತೆಗೆದುಕೊಳ್ಳೋಣ. ಪಿಟ್ಸ್‌ಬರ್ಗ್ ನಗರದ ಕೆಳಗೆ, ಒಹಾಯೊ ನದಿಯ ದಡದಲ್ಲಿ ಅಲಿಕ್ವಿಪ ಎಂಬ ಊರಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜೋನ್ಸ್ ಅಂಡ್ ಲಾಫ್ಲಿನ್ ಎಂಬ ಉಕ್ಕಿನ ಕಂಪನಿ ಇಲ್ಲಿ ಕಾರ್ಖಾನೆಯನ್ನು ಕಟ್ಟತೊಡಗಿ, ಕೆಲಸಗಾರರಿಗಾಗಿ ಊರನ್ನೂ ತಾನೇ ನಿರ್ಮಿಸಿತು. ಬಡಾವಣೆಗಳಿಗೆ ಹೆಸರಿಲ್ಲ, ‘ಪ್ಲಾನ್’ ಎಂಬ ಸಂಖ್ಯೆ ಮಾತ್ರ. ಇಟಲಿಯವರು, ಸ್ಲಾವ್ ಜನರು, ದಕ್ಷಿಣದಿಂದ ಬಂದ ಕರಿಯರು ಎಂದು ಜನವರ್ಗಗಳನ್ನು ಬೇರೆಬೇರೆಯಾಗಿ ನೆಲೆಗೊಳಿಸಿದ ಊರು ಅದು. ಈ ಎಲ್ಲರ ಮಕ್ಕಳೂ ಒಂದೇ ತಂಡದಲ್ಲಿ ಸೇರುತ್ತಿದ್ದುದು ಪ್ರೌಢಶಾಲೆಯ ಮೈದಾನದಲ್ಲಿ. ಈ ಒಂದು ಶಾಲೆಯಿಂದ ಬಂದ ಮೈಕ್ ಡಿಟ್ಕ 1988ರಲ್ಲಿ, ಟೈ ಲಾ 2019ರಲ್ಲಿ, ಡರೆಲ್ ರೆವಿಸ್ 2023ರಲ್ಲಿ ವೃತ್ತಿ ಫುಟ್‌ಬಾಲಿನ ಕೀರ್ತಿಭವನವನ್ನು ಸೇರಿದರು. ನೆರೆಯ ಹೋಪ್‌ವೆಲ್ ಶಾಲೆಯಲ್ಲಿ ಓದಿದ ಟೋನಿ ಡಾರ್ಸೆಟ್ 1994ರಲ್ಲಿಯೇ ಅಲ್ಲಿಗೆ ಸೇರಿದ್ದರು. ರೆವಿಸ್‌ಗೆ ಸೋದರಮಾವನಾಗಬೇಕಾದ ಶಾನ್ ಗಿಲ್ಬರ್ಟ್ ಕೂಡ ವೃತ್ತಿ ಆಟಗಾರರೇ.

ಉಕ್ಕಿನ ಕೆಲಸಗಾರರ ಮಕ್ಕಳು ಗಟ್ಟಿಮುಟ್ಟಾಗಿದ್ದರು, ಆದ್ದರಿಂದ ಆಡಿದರು ಎಂದು ಹೇಳುವುದು ವಾಡಿಕೆ. ಆದರೆ ಇದೇ ಸೀಮೆ ಅತ್ಯಂತ ಹೆಸರಾದದ್ದು ಬಲಭೀಮರಿಂದಲ್ಲ, ಕ್ವಾರ್ಟರ್‌ಬ್ಯಾಕ್‌ಗಳಿಂದ; ಅಂದರೆ ಆಟವನ್ನು ನಡೆಸಿ ಚೆಂಡನ್ನು ಎಸೆಯುವ ನಾಯಕರಿಂದ. ಜಾನಿ ಯುನೈಟಸ್, ಜಾರ್ಜ್ ಬ್ಲ್ಯಾಂಡ, ಜೋ ನೇಮತ್, ಜೋ ಮೊಂಟಾನ, ಡ್ಯಾನ್ ಮರೀನೊ, ಜಿಮ್ ಕೆಲಿ — ಕೀರ್ತಿಭವನ ಸೇರಿದ ಈ ಆರು ಮಂದಿಯೂ ಪಿಟ್ಸ್‌ಬರ್ಗಿನಲ್ಲಿಯೋ ಅದರ ಸುತ್ತಣ ಊರುಗಳಲ್ಲಿಯೋ ಬೆಳೆದವರು. ಈ ಸ್ಥಾನಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕಲಿಕೆ. ಎದುರು ಪಕ್ಷದ ವ್ಯೂಹವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಓದುವ ಅಭ್ಯಾಸ. ಅದನ್ನು ಹೇಳಿಕೊಡುವವರು ಊರೂರಿನಲ್ಲಿಯೂ ಇದ್ದರು. ಹತ್ತು ಹದಿನೈದು ಮೈಲಿಗೊಂದು ಎದುರಾಳಿ ಶಾಲೆ ಇತ್ತು. ಹೀಗಾಗಿ ಪ್ರತಿವಾರವೂ ಪರೀಕ್ಷೆಯೇ. ಉಕ್ಕಿನ ಕುಲುಮೆಗಳು 1980ರ ದಶಕದಲ್ಲಿ ಆರಿಹೋದ ಮೇಲೆ ಏನಾಯಿತೆಂಬುದು ಇನ್ನೂ ಗಮನಾರ್ಹವಾದದ್ದು. 1940ರ ಜನಗಣತಿಯಲ್ಲಿ 27,000ಕ್ಕೂ ಮೇಲ್ಪಟ್ಟಿದ್ದ ಅಲಿಕ್ವಿಪದ ಜನಸಂಖ್ಯೆ 2020ರ ವೇಳೆಗೆ ಸುಮಾರು 9,000ಕ್ಕೆ ಇಳಿದಿತ್ತು. ಜನರು ಚದುರಿದರು, ಶಾಲೆಗಳು ಒಂದರೊಳಗೊಂದು ಲೀನವಾದವು. ಇಡೀ ಸೀಮೆಗೆ ಹಿಂದಿನ ಪ್ರಾಧಾನ್ಯ ಉಳಿಯಲಿಲ್ಲ. ಅಲ್ಲಿಂದ ವಲಸೆಹೋದವರ ರಕ್ತ ಬದಲಾಗಲಿಲ್ಲ, ಬದಲಾದದ್ದು ಊರು. ಆದರೂ ಅಲಿಕ್ವಿಪ ಶಾಲೆಯೊಂದು ಮಾತ್ರ ಪಟ್ಟುಹಿಡಿದು ಆಟಗಾರರನ್ನು ಕೊಡುತ್ತಲೇ ಬಂದಿದೆ. ಕಾರ್ಖಾನೆ ಮುಚ್ಚಿದರೂ ಹಳೆಯ ಆಟಗಾರರು ಕಿರಿಯರಿಗೆ ಹೇಳಿಕೊಡುವ ಪರಂಪರೆ ಮುಚ್ಚಲಿಲ್ಲವೆಂಬುದೇ ಇದಕ್ಕೆ ಸಮಾಧಾನವೆಂದು ತೋರುತ್ತದೆ.

ಇತ್ತೀಚಿನ ದಶಕಗಳಲ್ಲಿ ನಕ್ಷೆಯ ಭಾರ ದಕ್ಷಿಣಕ್ಕೆ ಸರಿದಿದೆ. ಲೂಯಿಸಿಯಾನ, ಮಿಸಿಸಿಪಿ, ಅಲಬಾಮ, ಜಾರ್ಜಿಯ, ಫ್ಲಾರಿಡ — ಜನಸಂಖ್ಯೆಯ ಪ್ರಮಾಣದಲ್ಲಿ ವೃತ್ತಿ ಆಟಗಾರರನ್ನು ಹೆಚ್ಚಾಗಿ ಕೊಡುತ್ತಿರುವ ಸಂಸ್ಥಾನಗಳು ಇವು. ದಕ್ಷಿಣದ ಹುಡುಗರಿಗೆ ಈ ಶಕ್ತಿ ಇದ್ದಕ್ಕಿದ್ದಂತೆ ಬಂದಿತೆ? ಹಾಗಲ್ಲ. 1960ರ ದಶಕದ ಮಧ್ಯಭಾಗದವರೆಗೆ ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳು ಕರಿಯ ಹುಡುಗರನ್ನು ತಮ್ಮ ತಂಡಗಳಿಗೆ ಸೇರಿಸುತ್ತಿರಲಿಲ್ಲ. ಸೌತ್ ಈಸ್ಟರ್ನ್ ಕಾನ್ಫರೆನ್ಸ್ ಎಂಬ ಪ್ರಬಲ ಕೂಟದಲ್ಲಿ ಕರಿಯ ಆಟಗಾರನೊಬ್ಬ ಮೊದಲು ಕಣಕ್ಕಿಳಿದದ್ದು 1967ರಲ್ಲಿ. ಅಲ್ಲಿಯವರೆಗೆ ಅವರು ಲೂಯಿಸಿಯಾನದ ಗ್ರ್ಯಾಂಬ್ಲಿಂಗಿನಂಥ ಕರಿಯರ ಕಾಲೇಜುಗಳಿಗೆ ಹೋಗುತ್ತಿದ್ದರು. ಟೆಕ್ಸಾಸಿನಲ್ಲಿ 1920ರಿಂದ 1970ರವರೆಗೆ ಕರಿಯರ ಶಾಲೆಗಳಿಗೆ ಪ್ರತ್ಯೇಕವಾದ ಲೀಗೇ ಇತ್ತು. ಶುಕ್ರವಾರದ ರಾತ್ರಿ ಮೈದಾನ ಬಿಳಿಯರ ಶಾಲೆಗಳಿಗೆ ಮೀಸಲಾಗಿದ್ದುದರಿಂದ ಇವರ ಪಂದ್ಯಗಳು ಬುಧವಾರವೋ ಗುರುವಾರವೋ ನಡೆಯಬೇಕಾಗುತ್ತಿತ್ತು. ಪಿಟ್ಸ್‌ಬರ್ಗಿನ ವೃತ್ತಿತಂಡಕ್ಕೆ ಆಡಿ ಹೆಸರಾದ ಜೋ ಗ್ರೀನ್ ಆ ಲೀಗಿನಿಂದ ಬಂದವರು. ದೊಡ್ಡ ವಿಶ್ವವಿದ್ಯಾನಿಲಯಗಳ ಪಟ್ಟಿಗಳನ್ನು ಮಾತ್ರ ಆಧರಿಸಿದ ಯಾವ ನಕ್ಷೆಯೂ ಆ ಕಾಲದ ಇಂಥ ಹುಡುಗರನ್ನು ಪೂರ್ಣವಾಗಿ ತೋರಿಸಲಾರದು. ಪ್ರತಿಭೆ ಹೆಚ್ಚಾಯಿತೆಂದು ನಾವು ಓದುವ ಕಡೆಗಳಲ್ಲಿ ಕೆಲವೊಮ್ಮೆ ಹೆಚ್ಚಾದದ್ದು ಅದನ್ನು ಎಣಿಸುವವರ ಕಣ್ಣು.

ದಕ್ಷಿಣದ ಊರುಗಳಲ್ಲಿ ಹೆಚ್ಚು ಚರ್ಚೆಗೆ ಬಂದಿರುವುವು ಫ್ಲಾರಿಡದ ಓಕಿಚೋಬಿ ಸರೋವರದ ದಂಡೆಯ ಬೆಲ್ ಗ್ಲೇಡ್ ಮತ್ತು ಪಹೋಕಿ. ಮೊದಲನೆಯದರ ಜನಸಂಖ್ಯೆ ಸುಮಾರು 17,000, ಎರಡನೆಯದರದು ಸುಮಾರು 5,500. ಜೌಗನ್ನು ಬತ್ತಿಸಿ ಪಡೆದ, ಕೊಳೆತ ಸಸ್ಯಾಂಶದಿಂದ ಕೂಡಿದ ಕಪ್ಪು ಮಣ್ಣಿನ ಮೇಲೆ ಇಲ್ಲಿ ಕಬ್ಬು ಬೆಳೆಯುತ್ತದೆ. ಆ ಮಣ್ಣನ್ನು ‘ಮಕ್’ ಎನ್ನುತ್ತಾರೆ, ಸೀಮೆಗೂ ಅದೇ ಹೆಸರು. 1928ರ ಚಂಡಮಾರುತದಲ್ಲಿ ಸರೋವರ ಉಕ್ಕಿ ಸತ್ತ ಎರಡೂವರೆ ಸಾವಿರಕ್ಕೆ ಕಡಮೆಯಿಲ್ಲದ ಜನರಲ್ಲಿ ಬಹುಪಾಲು ಕರಿಯ ಕೂಲಿಕಾರರು. 1960ರಲ್ಲಿ ಎಡ್ವರ್ಡ್ ಮರೋ ಅಮೆರಿಕದ ಕೂಲಿಕಾರರ ದುಃಸ್ಥಿತಿಯನ್ನು ದೂರದರ್ಶನದಲ್ಲಿ ತೋರಿಸಿದಾಗ ಕಾಣಿಸಿದ್ದೂ ಬೆಲ್ ಗ್ಲೇಡೇ. ಇಂಥ ಎರಡು ಊರುಗಳಿಂದ ರಿಕಿ ಜಾಕ್ಸನ್, ಆಂಡ್ರೆ ವಾಟರ್ಸ್, ಜೆಸಿ ಹೆಸ್ಟರ್, ಫ್ರೆಡ್ ಟೇಲರ್, ಆನ್‌ಕ್ವಾನ್ ಬೋಲ್ಡಿನ್, ಸಾಂಟೋನಿಯೊ ಹೋಮ್ಸ್ ಮೊದಲಾದವರ ಸಾಲೇ ಹೊರಟಿತು.

ಇದಕ್ಕೆ ಪತ್ರಿಕೆಗಳು ಹೇಳುವ ಕಾರಣ ಸೊಗಸಾಗಿದೆ. ಕಟಾವಿಗೆ ಮುನ್ನ ಕಬ್ಬಿನ ತರಗಿಗೆ ಬೆಂಕಿ ಇಡುತ್ತಾರೆ. ಹೊಗೆಯೊಳಗಿಂದ ಮೊಲಗಳು ಹಾರಿಬರುತ್ತವೆ. ಹುಡುಗರು ಅಟ್ಟಿ ಹಿಡಿದು ಮಾರುತ್ತಾರೆ. ಹೀಗೆ ಓಟವನ್ನು ಕಲಿಯುತ್ತಾರೆ ಎಂಬುದು. ಮೊಲ ಹಿಡಿಯುವುದು ನಿಜ. ಆದರೆ ಮೊಲವನ್ನು ಅಟ್ಟಿದವರೆಲ್ಲ ಫುಟ್‌ಬಾಲ್ ಆಟಗಾರರಾಗುವುದಾದರೆ ಕಬ್ಬು ಬೆಳೆಯುವ ದೇಶಗಳಲ್ಲೆಲ್ಲ ಈ ಆಟ ಹಬ್ಬಬೇಕಾಗಿತ್ತು. ಸಾಮಾಜಿಕ ವಿಷಯಗಳಲ್ಲಿ ಚಿತ್ರವತ್ತಾದ ಕಾರಣವೊಂದು ಕೈಗೆ ಸಿಕ್ಕರೆ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಗಮನಿಸಬೇಕಾದದ್ದು ಬೇರೆ: ಈ ಊರುಗಳಲ್ಲಿ ಗದ್ದೆಯ ಕೂಲಿ, ಸಕ್ಕರೆ ಕಾರ್ಖಾನೆ, ಸರಕಾರಿ ನೌಕರಿ ಇವುಗಳ ಹೊರತು ಕೆಲಸವಿಲ್ಲ. ಎರಡು ಶಾಲೆಗಳ ನಡುವಣ ವಾರ್ಷಿಕ ಪಂದ್ಯ, ‘ಮಕ್ ಬೌಲ್’, ಊರಿನ ದೊಡ್ಡ ಹಬ್ಬ. ವೃತ್ತಿ ಆಟ ಮುಗಿಸಿದವರು ಹಿಂದಿರುಗಿ ಬರುತ್ತಾರೆ. ಹೆಸ್ಟರ್ ತಮ್ಮ ಊರಿನ ಗ್ಲೇಡ್ಸ್ ಸೆಂಟ್ರಲ್ ಶಾಲೆಯ ತರಬೇತುದಾರರಾಗಿದ್ದರು. ಹತ್ತು ವರ್ಷದ ಹುಡುಗನಿಗೆ ಊರಿನಿಂದ ಹೊರಬಿದ್ದು ಗೆದ್ದವರಾರು ಎಂದು ಕೇಳಿದರೆ, ವೈದ್ಯನನ್ನೋ ಎಂಜಿನಿಯರನನ್ನೋ ಕಂಡಿರದಿದ್ದರೂ ಈ ಆಟಗಾರರನ್ನು ಅವನು ಬೀದಿಯಲ್ಲಿ ಕಂಡಿರುತ್ತಾನೆ.

ರಕ್ತದ ವಾದಕ್ಕೆ ಬಲವಾದ ಆಧಾರವೆಂದು ಹೇಳುವುದು ಸಮೋವಾ ಜನರನ್ನು. ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಅಧೀನದಲ್ಲಿರುವ ಸಮೋವಾ ದ್ವೀಪಗಳ ಜನಸಂಖ್ಯೆ 2020ರಲ್ಲಿ ಐವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಆದರೂ ಅಲ್ಲಿಯೂ ಹವಾಯಿ ಕ್ಯಾಲಿಫೋರ್ನಿಯಗಳಿಗೆ ವಲಸೆಹೋದ ಆ ಜನರ ಕುಟುಂಬಗಳಲ್ಲಿಯೂ ಹುಟ್ಟಿ ವೃತ್ತಿ ಲೀಗನ್ನು ಸೇರಿದವರ ಪ್ರಮಾಣ ಬೇರೆ ಯಾವ ಜನವರ್ಗದಲ್ಲಿಯೂ ಕಾಣದಷ್ಟು. ಎತ್ತರ, ತೂಕ ಇವು ಆಟದ ಕೆಲವು ಸ್ಥಾನಗಳಿಗೆ ಬೇಕೇ ಬೇಕು. ಅವು ಸಮೋವಾದವರಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇತಿಹಾಸ ಇಲ್ಲಿ ನಮಗಾಗಿ ಒಂದು ಪ್ರಯೋಗವನ್ನೇ ನಡೆಸಿಟ್ಟಿದೆ. 1899ರ ಒಪ್ಪಂದದಿಂದ ಈ ದ್ವೀಪಸಮೂಹ ಎರಡು ಪಾಲಾಯಿತು. ಪೂರ್ವದ ಪಾಲು ಅಮೆರಿಕಕ್ಕೆ ಹೋಯಿತು; ಪಶ್ಚಿಮದ ಪಾಲು ಜರ್ಮನಿಗೆ ಹೋಗಿ, 1914ರಲ್ಲಿ ನ್ಯೂಜಿಲೆಂಡಿನ ವಶವಾಗಿ, 1962ರಲ್ಲಿ ಸ್ವತಂತ್ರವಾಯಿತು. ಜನ ಒಂದೇ, ಭಾಷೆ ಒಂದೇ, ಬಂಧುತ್ವ ಒಂದೇ. ಪೂರ್ವದವರು ಅಮೆರಿಕದ ಫುಟ್‌ಬಾಲ್ ಆಡಿದರು. ಪಶ್ಚಿಮದವರು ನ್ಯೂಜಿಲೆಂಡಿನಿಂದ ರಗ್ಬಿಯನ್ನು ಕಲಿತು 1991ರ ವಿಶ್ವಕಪ್ಪಿನಲ್ಲಿ ವೇಲ್ಸ್ ದೇಶವನ್ನೇ ಸೋಲಿಸಿದರು. ಒಂದೇ ಬಗೆಯ ಶರೀರ ಎರಡು ಆಟಗಳಿಗೆ ಹಂಚಿಹೋದದ್ದು ಶಾಲೆಗಳನ್ನು ಯಾರು ನಡೆಸುತ್ತಿದ್ದರೆಂಬುದರಿಂದ. ಇದರ ಜೊತೆಗೆ ಹಿರಿಯರ ಮಾತಿಗೆ ತಲೆಬಾಗುವ, ನೋವನ್ನು ತೋರಿಸಿಕೊಳ್ಳದ, ಕುಟುಂಬದ ಹೆಸರಿಗಾಗಿ ದುಡಿಯುವ ಸಮೋವಾದ ಬಾಳಿನ ರೀತಿ ತರಬೇತುದಾರರಿಗೆ ಬಹು ಮೆಚ್ಚಿಗೆಯಾಯಿತು. ಅಮೆರಿಕದ ಸೈನ್ಯಕ್ಕೂ ಈ ದ್ವೀಪಗಳಿಂದ ಜನಸಂಖ್ಯೆಯನ್ನು ಮೀರಿದ ಪ್ರಮಾಣದಲ್ಲಿ ತರುಣರು ಸೇರುತ್ತಾರೆ. 1951ರಲ್ಲಿ ನೌಕಾನೆಲೆ ಮುಚ್ಚಿದ ಮೇಲೆ ದ್ವೀಪದಲ್ಲಿ ಜೀವನೋಪಾಯಗಳು ಕುಗ್ಗಿದವು. ಹೊರಗೆ ಹೋಗುವ ದಾರಿಗಳು ಕೆಲವೇ, ಅವುಗಳಲ್ಲಿ ಎರಡು ಸೈನ್ಯ ಮತ್ತು ಫುಟ್‌ಬಾಲ್.

ಹಾಗಾದರೆ ಬಡತನವೇ ಕಾರಣವೆ? ಅದೂ ಸಾಲದು. ನ್ಯೂಯಾರ್ಕಿನಲ್ಲಿ ಬಡವರಿಗೆ ಕೊರತೆಯಿಲ್ಲ. ಆದರೆ ಅಲ್ಲಿ ನೂರು ಗಜದ ಬಯಲಿಗೆ ಚಿನ್ನದ ಬೆಲೆ, ಆದಕಾರಣ ಅಲ್ಲಿಯ ಹುಡುಗರ ಆಟ ಬ್ಯಾಸ್ಕೆಟ್‌ಬಾಲ್. ಪೂರ್ವ ಕೆಂಟಕಿಯ ಗಣಿಸೀಮೆಯೂ ಬಡವಾದದ್ದೇ. ಆ ಸಂಸ್ಥಾನದ ಮೋಹವೂ ಬ್ಯಾಸ್ಕೆಟ್‌ಬಾಲಿನ ಮೇಲೆ. ಇನ್ನೊಂದು ಕಡೆ, ಟೆಕ್ಸಾಸಿನ ಡಲ್ಲಸ್ ನಗರದ ಹೊರವಲಯದ ಆಲನ್ ಎಂಬ ಸಂಪನ್ನವಾದ ಊರು 2012ರಲ್ಲಿ ತನ್ನ ಪ್ರೌಢಶಾಲೆಗೆ ಸುಮಾರು ಆರು ಕೋಟಿ ಡಾಲರ್ ವೆಚ್ಚದಲ್ಲಿ 18,000 ಜನ ಕೂರುವ ಕ್ರೀಡಾಂಗಣವನ್ನು ಕಟ್ಟಿತು. (ಎರಡೇ ವರ್ಷದಲ್ಲಿ ಕಾಂಕ್ರೀಟು ಬಿರುಕುಬಿಟ್ಟು ಅದನ್ನು ಮುಚ್ಚಿ ದುರಸ್ತಿಮಾಡಬೇಕಾಯಿತು.) ಇಂಥ ಊರುಗಳಿಂದಲೂ ಆಟಗಾರರು ಯಥೇಚ್ಛವಾಗಿ ಬರುತ್ತಾರೆ. ಟೆಕ್ಸಾಸಿನಲ್ಲಿ ದೊಡ್ಡ ಶಾಲೆಯ ಮುಖ್ಯ ತರಬೇತುದಾರ ಪೂರ್ಣಾವಧಿಯ ನೌಕರ. ಅವನ ಕೈಕೆಳಗೆ ಸಹಾಯಕರ ದಂಡೇ ಇರುತ್ತದೆ. ಊರಿನ ಮಾಧ್ಯಮಿಕ ಶಾಲೆಗಳಲ್ಲಿ ಹನ್ನೆರಡು ಹದಿಮೂರರ ಹುಡುಗರಿಗೆ ಕಲಿಸುವುದೂ ಅವನ ವ್ಯೂಹಗಳನ್ನೇ. ಫ್ಲಾರಿಡದಲ್ಲಿಯೂ ಟೆಕ್ಸಾಸಿನ ದೊಡ್ಡ ಶಾಲೆಗಳಲ್ಲಿಯೂ ವಸಂತಕಾಲದ ಅಭ್ಯಾಸಕ್ಕೆ ಅನುಮತಿಯುಂಟು. ಹಿಮ ಬೀಳುವ ಅನೇಕ ಸಂಸ್ಥಾನಗಳಲ್ಲಿ ಇಲ್ಲ. ನಾಲ್ಕು ವರ್ಷಗಳಲ್ಲಿ ಈ ವ್ಯತ್ಯಾಸ ಎಷ್ಟೋ ವಾರಗಳ ಅಭ್ಯಾಸವಾಗಿ ಕೂಡಿಕೊಳ್ಳುತ್ತದೆ. ಆದುದರಿಂದ ಶ್ರೀಮಂತ ಊರಿನಲ್ಲಿ ಹಣ ಮಾಡುವ ಕೆಲಸವನ್ನು ಬಡ ಊರಿನಲ್ಲಿ ಪರಂಪರೆ ಮಾಡುತ್ತದೆ ಎನ್ನಬಹುದು. ಎರಡು ಕಡೆಯೂ ಆಟಗಾರನನ್ನು ರೂಪಿಸುವುದು ಶಾಲೆ, ತರಬೇತುದಾರ, ನೋಡಲು ಬರುವ ಊರು. ಹೆಚ್ಚು ಕಡಮೆಯಾಗುವುದು ಹುಡುಗನ ಮುಂದಿರುವ ಬೇರೆ ದಾರಿಗಳ ಸಂಖ್ಯೆ.

ಈ ಕಡೆಯ ಅಂಶ ಈಗ ಕೇವಲ ಶಾಸ್ತ್ರದ ವಿಷಯವಾಗಿ ಉಳಿದಿಲ್ಲ. ಪಿಟ್ಸ್‌ಬರ್ಗಿನ ವೃತ್ತಿ ತಂಡಕ್ಕೆ ಆಡಿ 2002ರಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರರ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು, ಮೇಲಿಂದ ಮೇಲೆ ತಲೆಗೆ ಬೀಳುವ ಪೆಟ್ಟುಗಳೊಡನೆ ಸಂಬಂಧವುಳ್ಳ ಕ್ಷಯಿಸುವ ರೋಗವೊಂದನ್ನು ಅದರಲ್ಲಿ ಕಂಡು 2005ರಲ್ಲಿ ಪ್ರಕಟಿಸಿದರು. 2006ರಲ್ಲಿ ನಲವತ್ತನಾಲ್ಕರ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡ ಆಂಡ್ರೆ ವಾಟರ್ಸ್‌ರಲ್ಲಿಯೂ ಅವರು ಇದೇ ರೋಗವನ್ನು ಕಂಡರು. ಪಹೋಕಿ ಶಾಲೆಯಲ್ಲಿ ಆಡಿದ ವಾಟರ್ಸ್ ಮೇಲೆ ಹೆಸರಿಸಿದವರಲ್ಲಿ ಒಬ್ಬರು. ಸಮೋವಾ ಸಂತತಿಯ ಮಹಾ ಆಟಗಾರ ಜೂನಿಯರ್ ಸೇಯೂ 2012ರಲ್ಲಿ ಹಾಗೆಯೇ ತೀರಿಕೊಂಡರು. ಪರೀಕ್ಷೆಯ ಫಲಿತಾಂಶ ಮರುವರ್ಷ ಹೊರಬಂದಾಗ ಅಲ್ಲಿಯೂ ಅದೇ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು, ದಾನವಾಗಿ ಬಂದ ವೃತ್ತಿ ಆಟಗಾರರ 111 ಮಿದುಳುಗಳಲ್ಲಿ 110ರಲ್ಲಿ ಈ ರೋಗವಿತ್ತೆಂದು ವರದಿಮಾಡಿದರು. ಪ್ರೌಢಶಾಲೆಯಲ್ಲಿ ಮಾತ್ರ ಆಡಿದ್ದ 14 ಮಂದಿಯಲ್ಲಿ ಮೂವರಿಗೆ ಇತ್ತು. ರೋಗದ ಅನುಮಾನವುಳ್ಳ ಕುಟುಂಬಗಳೇ ಹೆಚ್ಚಾಗಿ ದಾನಮಾಡುತ್ತವಾದ್ದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು. ಆದರೂ ಇದನ್ನು ಕಡೆಗಣಿಸುವಂತಿಲ್ಲ.

2008ರ ಸುಮಾರಿನಲ್ಲಿ ಹನ್ನೊಂದು ಲಕ್ಷವನ್ನು ದಾಟಿದ್ದ ಶಾಲಾ ಆಟಗಾರರ ಸಂಖ್ಯೆ ಅನಂತರ ಹತ್ತು ಲಕ್ಷದ ಆಸುಪಾಸಿಗೆ ಇಳಿಯಿತು. ಮಗನನ್ನು ಮೈದಾನದಿಂದ ಹಿಂದಕ್ಕೆ ಕರೆಯುವುದು ಬೇರೆ ಆಟ, ಬೇರೆ ವಿದ್ಯೆ, ಬೇರೆ ಕೆಲಸ ಕಣ್ಣೆದುರಿಗಿರುವ ತಂದೆತಾಯಿಗಳಿಗೆ ಸುಲಭ. ಬೆಲ್ ಗ್ಲೇಡಿನ ತಾಯಿಗೆ ಅಷ್ಟು ಸುಲಭವಲ್ಲವೆಂಬುದು ನನ್ನ ಅಭಿಪ್ರಾಯ. 1990ರ ದಶಕದಿಂದ 2025ರವರೆಗೆ ಮೇಲ್ದರ್ಜೆಯ ವಿಶ್ವವಿದ್ಯಾನಿಲಯವೊಂದು ತನ್ನ ಫುಟ್‌ಬಾಲ್ ತಂಡಕ್ಕೆ 85 ಪೂರ್ಣ ವಿದ್ಯಾರ್ಥಿವೇತನಗಳನ್ನು ಕೊಡಬಹುದಾಗಿತ್ತು. ಅಲ್ಲಿಯ ಬೇರೆ ಯಾವ ಆಟಕ್ಕೂ ಅಷ್ಟು ಇರಲಿಲ್ಲ. 2021ರಿಂದ ಹೆಸರಾದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರನ್ನು ಜಾಹೀರಾತಿಗೆ ಕೊಟ್ಟು ಹಣವನ್ನೂ ಪಡೆಯತೊಡಗಿದರು. ಸೆಳೆತ ಇಷ್ಟಿದ್ದರೂ ಪ್ರೌಢಶಾಲೆಯಲ್ಲಿ ಆಡುವ ನೂರು ಹುಡುಗರಲ್ಲಿ ಕಾಲೇಜಿನ ಯಾವುದಾದರೊಂದು ದರ್ಜೆಯ ತಂಡವನ್ನು ಸೇರುವವರು ಏಳು ಮಂದಿಯ ಸುಮಾರು. ಅವರಲ್ಲಿ ವೃತ್ತಿ ಲೀಗನ್ನು ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಈವರೆಗೆ ನಾವು ನೋಡಿದ ನಕ್ಷೆಗಳೆಲ್ಲವೂ ಈ ಏಳು ಮಂದಿಯನ್ನು ಎಣಿಸಿ ಮಾಡಿದವು. ಉಳಿದ ತೊಂಬತ್ತಮೂರು ಹುಡುಗರು ಶಾಲೆ ಬಿಟ್ಟ ಹತ್ತು ವರ್ಷಗಳ ಮೇಲೆ ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ, ಅವರ ಆರೋಗ್ಯ ಹೇಗಿದೆ ಎಂದು ಅಲಿಕ್ವಿಪ, ಪಹೋಕಿ, ಆಲನ್ ಈ ಮೂರು ಊರುಗಳಲ್ಲಿ ಮನೆಮನೆಗೆ ಹೋಗಿ ಕೇಳಿ ಬರೆದ ನಕ್ಷೆಯೊಂದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು.